ಹೆಸರು ಕೂಡಿಸುವ ಕಾಗದ: ಕನ್ನಡದಲ್ಲಿ ಮೇಲ್ ಮರ್ಜ್ ಎಲ್ಲಿಗೆ ಬಂದಿದೆ?

ಹಳೇ ಮೈಸೂರು ಸೀಮೆಯ ಮನೆಗಳಿಗೆ ಯುಗಾದಿಯ ಹೊತ್ತಿಗೆ ಬರುವ ಪುಸ್ತಕಗಳಲ್ಲಿ ಒಂಟಿಕೊಪ್ಪಲ್ ಪಂಚಾಂಗವೂ ಒಂದು. ಮೈಸೂರಿನ ಒಂಟಿಕೊಪ್ಪಲ್ ಬಡಾವಣೆಯನ್ನು ಎಂದೂ ನೋಡದವರಿಗೂ ಅದರ ಹೆಸರು ಗೊತ್ತಿರುವುದು ಈ ಪಂಚಾಂಗದಿಂದ. ಪುಸ್ತಕ ಬಿಡಿಸಿದರೆ ಒಳಗಿರುವುದು ಕೋಷ್ಟಕ. ದಿನಕ್ಕೊಂದು ಸಾಲು, ಸಾಲಿನಲ್ಲಿ ತಿಥಿ, ವಾರ, ನಕ್ಷತ್ರ, ಯೋಗ, ಕರಣ. ಪುರೋಹಿತರು ಸಂಕಲ್ಪ ಹೇಳಿಸುವಾಗ ಎಂದೂ ಬದಲಾಗದ ಒಂದು ವಾಕ್ಯಕ್ಕೆ ಆ ದಿನದ ಸಾಲನ್ನೂ ಯಜಮಾನರ ಗೋತ್ರ, ನಕ್ಷತ್ರ, ರಾಶಿ, ಹೆಸರುಗಳನ್ನೂ ಕೂಡಿಸುತ್ತಾರೆ. ಪ್ರಯೋಗದ ಪುಸ್ತಕಗಳಲ್ಲಿ ಬದಲಾಗಬೇಕಾದ ಜಾಗದಲ್ಲೆಲ್ಲ ‘ಅಮುಕ’ ಎಂದು ಅಚ್ಚಾಗಿರುತ್ತದೆ. ಹೆಸರು ಬರುವ ಕಡೆ ಅದರ ಹಿಂದೆಯೇ ‘ನಾಮಧೇಯಸ್ಯ’ ಎಂದೋ ‘ಶರ್ಮಣಃ’ ಎಂದೋ ಇನ್ನೊಂದು ಪದ ನಿಂತಿರುತ್ತದೆ. ವಿಭಕ್ತಿಯ ಭಾರವನ್ನು ಆ ಪದ ಹೊತ್ತುಕೊಳ್ಳುತ್ತದೆ. ಯಾರದೇ ಹೆಸರು ಬರಲಿ, ವಾಕ್ಯ ಮುರಿಯುವುದಿಲ್ಲ.

ಇಂದು ಕಚೇರಿಗಳಲ್ಲಿ ಮೇಲ್ ಮರ್ಜ್ ಎಂದು ಕರೆಯುವ ಕೆಲಸದ ಒಳಗುಟ್ಟೆಲ್ಲ ಇಲ್ಲಿದೆ. ಒಂದು ಕಡೆ ನಮೂನೆ, ಇನ್ನೊಂದು ಕಡೆ ಪಟ್ಟಿ. ವರ್ಡ್‌ನಲ್ಲಿ ಪತ್ರ ಬರೆದು, ಎಕ್ಸೆಲ್ ಶೀಟಿನಲ್ಲಿ ಅಥವಾ ಡೇಟಾಬೇಸಿನಲ್ಲಿ ಇರುವ ಹೆಸರು, ವಿಳಾಸ, ಮೊತ್ತ, ದಿನಾಂಕಗಳನ್ನು ಅದರ ಗುರುತಿಟ್ಟ ಜಾಗಗಳಿಗೆ ತುಂಬಿಸಿದರೆ ಮುನ್ನೂರು ಜನಕ್ಕೆ ಮುನ್ನೂರು ಪತ್ರ ಸಿದ್ಧ. ಸಹಕಾರ ಸಂಘದ ವಾರ್ಷಿಕ ಮಹಾಸಭೆಯ ತಿಳುವಳಿಕೆ ಪತ್ರ, ಶಾಲೆಯ ವ್ಯಾಸಂಗ ಪ್ರಮಾಣಪತ್ರ, ಕಾಲೇಜಿನ ಹಾಲ್ ಟಿಕೆಟ್, ದೇವಸ್ಥಾನದ ಸೇವಾ ರಶೀದಿ, ಅಪಾರ್ಟ್‌ಮೆಂಟಿನ ಬಾಕಿ ನೋಟಿಸ್, ಮದುವೆ ಪತ್ರಿಕೆಯ ಕವರಿನ ವಿಳಾಸ ಎಲ್ಲವೂ ಈ ಒಂದೇ ಜಾತಿಯವು. ಒಂಟಿಕೊಪ್ಪಲಿನಂಥ ಹಳೆಯ ಬಡಾವಣೆಯಲ್ಲಿ ಇವೆಲ್ಲ ದಿನನಿತ್ಯದ ಕಾಗದಗಳು.

ಕನ್ನಡದಲ್ಲಿ ಈ ಕೆಲಸ ಎಷ್ಟು ಚೆನ್ನಾಗಿ ನಡೆಯುತ್ತಿದೆ ಎಂಬುದು ನನ್ನ ಪ್ರಶ್ನೆ. ಯಂತ್ರ ಈಗ ಸಿದ್ಧವಾಗಿದೆ, ಅದರಲ್ಲಿ ಸಂದೇಹವಿಲ್ಲ. ಆದರೂ ಕನ್ನಡದ ಮುದ್ರಿತ ಪತ್ರಗಳಲ್ಲಿ ಮುರಿದ ವಾಕ್ಯ, ಕೆಟ್ಟ ಕಾಗುಣಿತದ ಹೆಸರು, ಓರೆಗೆರೆಯ ಎರಡೂ ಕಡೆ ಉಳಿದ ‘ಮಗ/ಮಗಳು’ ಕಾಣುತ್ತಲೇ ಇವೆ. ಕಾರಣ ಎರಡು: ನಮೂನೆಯನ್ನು ಇಂಗ್ಲಿಷಿನಿಂದ ತಿರುಗಿಸಿಕೊಳ್ಳುತ್ತೇವೆ, ಪಟ್ಟಿಯನ್ನು ಇಂಗ್ಲಿಷಿನಲ್ಲಿ ಕೂಡಿಹಾಕುತ್ತೇವೆ.

ಇತಿಹಾಸ ಚಿಕ್ಕದು. 1964ರಲ್ಲಿ ಐಬಿಎಂ ಕಂಪನಿ ಮ್ಯಾಗ್ನೆಟಿಕ್ ಟೇಪಿಗೆ ಜೋಡಿಸಿದ ಸೆಲೆಕ್ಟ್ರಿಕ್ ಟೈಪ್‌ರೈಟರ್ ತಂದಿತು. ಒಂದು ಟೇಪಿನಲ್ಲಿ ಪತ್ರ, ಇನ್ನೊಂದರಲ್ಲಿ ಹೆಸರುಗಳನ್ನಿಟ್ಟು ಎರಡನ್ನೂ ಬೆರೆಸಿ ಟೈಪು ಮಾಡಿಸಬಹುದಿತ್ತು. 1978ರಲ್ಲಿ ಬಂದ ವರ್ಡ್‌ಸ್ಟಾರ್‌ಗೆ ಆಮೇಲೆ ಮೇಲ್‌ಮರ್ಜ್ ಎಂಬ ಪ್ರತ್ಯೇಕ ಪ್ರೋಗ್ರಾಂ ಸೇರಿತು. ಈಗ ನಾವು ಬಳಸುವ ಹೆಸರು ಅಲ್ಲಿಂದ ಬಂದದ್ದು. 80ರ ದಶಕದ ಕೊನೆಯಿಂದ ನಮ್ಮ ಊರುಗಳ ಕಂಪ್ಯೂಟರ್ ತರಬೇತಿ ಕೇಂದ್ರಗಳಲ್ಲಿ ವರ್ಡ್‌ಸ್ಟಾರ್, ಲೋಟಸ್, ಡಿಬೇಸ್ ಎಂಬ ಮೂರನ್ನು ಒಟ್ಟಿಗೆ ಹೇಳಿಕೊಡುತ್ತಿದ್ದರು. ಪತ್ರ, ಲೆಕ್ಕ, ದಾಖಲೆ ಎಂಬ ಆ ವಿಂಗಡಣೆ ಇಂದಿಗೂ ಹಾಗೇ ಇದೆ. ಅದೇ ಕಾಲದಲ್ಲಿ ಕನ್ನಡದ ಕಾಗದ ಮಾತ್ರ ಸೈಕ್ಲೋಸ್ಟೈಲ್ ಮಾಡಿದ ನಮೂನೆಯ ಚುಕ್ಕಿಗೆರೆಯ ಮೇಲೆ ಶಾಯಿಯಲ್ಲಿ ತುಂಬಿಸಿಕೊಳ್ಳುತ್ತಿತ್ತು.

ಕನ್ನಡ ಕಂಪ್ಯೂಟರಿಗೆ ಬಂದಾಗ ಬಂದ ದಾರಿಯೇ ಮೇಲ್ ಮರ್ಜ್‌ಗೆ ದೊಡ್ಡ ಅಡ್ಡಿಯಾಯಿತು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. 1998ರಲ್ಲಿ ಶೇಷಾದ್ರಿ ವಾಸು ಅವರ ಬರಹ ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಡಿಟಿಪಿ ಅಂಗಡಿಗಳಲ್ಲಿ ಶ್ರೀಲಿಪಿ, ಆಕೃತಿ ಮೊದಲೇ ಇದ್ದವು. ಲಕ್ಷಾಂತರ ಜನ ಕನ್ನಡ ಟೈಪು ಮಾಡಲು ಕಲಿತದ್ದು ಇವುಗಳಿಂದ, ಆ ಋಣ ದೊಡ್ಡದು. ಆದರೆ ಆ ಹಳೆಯ ಫಾಂಟುಗಳಲ್ಲಿ ಕಂಪ್ಯೂಟರ್ ಒಳಗೆ ಇಟ್ಟುಕೊಳ್ಳುತ್ತಿದ್ದದ್ದು ಕನ್ನಡದ ಅಕ್ಷರವನ್ನಲ್ಲ. ಇಂಗ್ಲಿಷ್ ಅಕ್ಷರಗಳಿಗೂ ಚಿಹ್ನೆಗಳಿಗೂ ಮೀಸಲಾದ ಸಂಖ್ಯೆಗಳನ್ನೇ ಇಟ್ಟುಕೊಂಡು, ಅವುಗಳ ಮೇಲೆ ಕನ್ನಡದ ಚಿತ್ರಗಳನ್ನು ಕೂರಿಸುತ್ತಿದ್ದವು. ಫಾಂಟ್ ಜೊತೆಗಿದ್ದರೆ ಕನ್ನಡ ಕಾಣುತ್ತದೆ, ಫಾಂಟ್ ಕಳಚಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗುಂಪು ಉಳಿಯುತ್ತದೆ.

ಬರೆದು ಅಚ್ಚು ಹಾಕುವುದಷ್ಟೇ ಕೆಲಸವಾದರೆ ಇದರಿಂದ ತೊಂದರೆಯಿಲ್ಲ. ದಾಖಲೆ ಕೂಡಿಸುವಾಗ ತೊಂದರೆಯೆಲ್ಲ ಹೊರಬರುತ್ತದೆ. ಡೇಟಾಬೇಸಿನಿಂದ ಪತ್ರಕ್ಕೆ ಬರುವುದು ಬರೀ ಅಕ್ಷರಗಳು, ಫಾಂಟ್ ಅವುಗಳ ಜೊತೆ ಬರುವುದಿಲ್ಲ. ಒಂದೇ ಕೋಶದಲ್ಲಿ ‘3ನೇ ಮುಖ್ಯರಸ್ತೆ, ಎಲ್‌ಐಸಿ ಕಚೇರಿ ಎದುರು’ ಎಂದಿದ್ದು, ಅದರಲ್ಲಿ ಎಲ್‌ಐಸಿ ಇಂಗ್ಲಿಷಿನಲ್ಲಿದ್ದರೆ ಮುಗಿಯಿತು: ಕನ್ನಡ ಸರಿಯಾದರೆ ಇಂಗ್ಲಿಷ್ ಕೆಡುತ್ತದೆ, ಇಂಗ್ಲಿಷ್ ಸರಿಯಾದರೆ ಕನ್ನಡ ಕೆಡುತ್ತದೆ. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿ ಎಂದರೆ ಯಂತ್ರ ಆ ಇಂಗ್ಲಿಷ್ ಸಂಖ್ಯೆಗಳ ಕ್ರಮದಲ್ಲಿ ಜೋಡಿಸುತ್ತದೆ. ಒಂದು ಫಾಂಟಿನ ಪಟ್ಟಿಯನ್ನು ಇನ್ನೊಂದು ಫಾಂಟಿನ ಪಟ್ಟಿಗೆ ಹೋಲಿಸಲು ಆಗುವುದೇ ಇಲ್ಲ.

ಯೂನಿಕೋಡ್ ಇದಕ್ಕೆ ಉತ್ತರ. ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಜಾಗ ಸಿಕ್ಕಿತ್ತು. ಸಾಮಾನ್ಯ ಜನರ ಮೇಜಿಗೆ ಅದು ಬಂದದ್ದು ಹತ್ತು ವರ್ಷದ ನಂತರ, 2001ರ ವಿಂಡೋಸ್ ಎಕ್ಸ್‌ಪಿ ಮತ್ತು ಅದರ ತುಂಗಾ ಫಾಂಟಿನ ಜೊತೆ. ಒಂಟಿಕೊಪ್ಪಲಿನ ‘ಉದಯರವಿ’ ಮನೆಯಲ್ಲಿ ಬಾಳಿದ ಕುವೆಂಪು ಅವರ ಮಗ ಪೂರ್ಣಚಂದ್ರ ತೇಜಸ್ವಿ ಕಂಪ್ಯೂಟರಿನಲ್ಲಿ ಕನ್ನಡ ನೆಲೆಯೂರಬೇಕೆಂದು ತಮ್ಮ ಕೊನೆಯ ವರ್ಷಗಳಲ್ಲಿ ಎಷ್ಟು ಒದ್ದಾಡಿದರೆಂಬುದು ಕನ್ನಡಿಗರಿಗೆ ನೆನಪಿದೆ. ಇಷ್ಟಾದರೂ ಹಳೆಯ ಫಾಂಟಿನ ಪಟ್ಟಿಗಳು ಇನ್ನೂ ಬದುಕಿವೆ. ಅವುಗಳನ್ನು ಯೂನಿಕೋಡಿಗೆ ಬದಲಾಯಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಒಂದು ಸಲ ಕುಳಿತು ಬದಲಾಯಿಸಿ, ಒತ್ತಕ್ಷರ ಮತ್ತು ಅರ್ಕಾವತ್ತು ಇರುವ ಹೆಸರುಗಳನ್ನು ಕಣ್ಣಿಟ್ಟು ನೋಡಿ, ಹಳೆಯ ಕಡತವನ್ನು ಬದಿಗಿಡಬೇಕು. ಈ ಕೆಲಸ ಮುಂದೆ ಹಾಕಿದಷ್ಟೂ ಹೊಸ ಹೆಸರುಗಳು ಹಳೆಯ ಗೊಂದಲಕ್ಕೆ ಸೇರುತ್ತವೆ.

ಕನ್ನಡದಲ್ಲಿ ದಾಖಲೆಯನ್ನು ನಮೂನೆಗೆ ಕೂಡಿಸುವ ದೊಡ್ಡ ಪ್ರಯೋಗಗಳಲ್ಲಿ ಒಂದು ಕರ್ನಾಟಕ ಸರ್ಕಾರದ ಭೂಮಿ ಯೋಜನೆ. 2000ದ ಆಸುಪಾಸಿನಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ತಂತ್ರಾಂಶ ರಾಷ್ಟ್ರೀಯ ಮಾಹಿತಿ ಕೇಂದ್ರದ್ದು. ಅಲ್ಲಿಯವರೆಗೆ ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದದ್ದು ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಅಚ್ಚಾಗಿ ಕೈಗೆ ಬಂತು. ಆಮೇಲೆ ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರಗಳು ಬಂದವು. 2011ರ ಸಕಾಲ ಕಾಯ್ದೆ ಬಂದು ಕಾಗದ ಕೊಡುವುದಕ್ಕೆ ಗಡುವೂ ಬಿತ್ತು. ಗಡುವಿನೊಳಗೆ ಸಾವಿರಾರು ಪತ್ರ ಕೊಡಬೇಕಾದ ಕಚೇರಿಗೆ ಕೈಯಲ್ಲಿ ತುಂಬಿಸುವ ನಮೂನೆ ಸಾಕಾಗುವುದಿಲ್ಲ.

ಈ ಸರ್ಕಾರಿ ಕಾಗದಗಳ ವಾಕ್ಯರಚನೆಯನ್ನು ಗಮನವಿಟ್ಟು ನೋಡಬೇಕು. ‘ಮೈಸೂರು ಜಿಲ್ಲೆ, ಹುಣಸೂರು ತಾಲ್ಲೂಕು, ಇಂಥ ಹೋಬಳಿ, ಇಂಥ ಗ್ರಾಮದ ವಾಸಿಯಾದ ಶ್ರೀ ರಾಮೇಗೌಡ ಬಿನ್ ಕೆಂಪೇಗೌಡ ಇವರು’ ಎಂಬ ಬಗೆಯ ಭಾಷೆಯನ್ನು ಕಚೇರಿಯ ಒಣಕನ್ನಡ ಎಂದು ದೂರುವವರುಂಟು. ನನಗೆ ಅದರ ಮೇಲೆ ಗೌರವ ಹೆಚ್ಚಾಗಿದೆ. ಕನ್ನಡದಲ್ಲಿ ಹೆಸರಿಗೆ ಪ್ರತ್ಯಯ ಅಂಟಿದ ಕೂಡಲೇ ಹೆಸರಿನ ಕೊನೆ ಬದಲಾಗುತ್ತದೆ. ಮೈಸೂರು ಜಿಲ್ಲೆಯ ತಾಲ್ಲೂಕುಗಳನ್ನೇ ತೆಗೆದುಕೊಳ್ಳಿ: ನಂಜನಗೂಡಿನಲ್ಲಿ, ನರಸೀಪುರದಲ್ಲಿ, ಹೆಗ್ಗಡದೇವನಕೋಟೆಯಲ್ಲಿ, ಸರಗೂರಿನಲ್ಲಿ, ಪಿರಿಯಾಪಟ್ಟಣದಲ್ಲಿ. ನಮೂನೆಯಲ್ಲಿ ಊರಿನ ಗುರುತಿನ ಹಿಂದೆಯೇ ‘ದಲ್ಲಿ’ ಎಂದು ಬರೆದಿಟ್ಟರೆ ನರಸೀಪುರಕ್ಕೂ ಪಿರಿಯಾಪಟ್ಟಣಕ್ಕೂ ಸರಿ, ಉಳಿದವಕ್ಕೆಲ್ಲ ತಪ್ಪು. ‘ತಾಲ್ಲೂಕಿನಲ್ಲಿ’ ಎಂದು ಬರೆದರೆ ಎಲ್ಲಕ್ಕೂ ಸರಿ. ಪ್ರತ್ಯಯ ಹೊರುವ ಕೆಲಸ ಬದಲಾಗದ ಪದಕ್ಕೆ ಹೋಯಿತು, ಬದಲಾಗುವ ಹೆಸರು ಮೂಲರೂಪದಲ್ಲೇ ಕೂತಿತು.

‘ಬಿನ್’, ‘ಕೋಂ’ ಎಂಬ ಎರಡು ಚಿಕ್ಕ ಪದಗಳು ಪಹಣಿಯಲ್ಲಿ ಮಾಡುವುದೂ ಇದನ್ನೇ. ‘ಕೆಂಪೇಗೌಡನ ಮಗ’, ‘ಸಿದ್ದೇಗೌಡರ ಹೆಂಡತಿ’ ಎಂದು ಬರೆಯಲು ಹೋದರೆ ತಂದೆಯ, ಗಂಡನ ಹೆಸರು ಷಷ್ಠಿಗೆ ತಿರುಗಬೇಕು. ‘ಬಿನ್’ ಮಧ್ಯೆ ನಿಂತರೆ ಎರಡು ಹೆಸರೂ ಹಾಗೇ ಉಳಿಯುತ್ತವೆ. ‘ಎಂಬುವರು’, ‘ಇವರಿಗೆ’, ‘ಅವರಿಂದ’, ‘ಮೇಲ್ಕಂಡವರು’ ಎಲ್ಲವೂ ಹೀಗೆ ಪ್ರತ್ಯಯಕ್ಕೆ ಕೊಟ್ಟ ಊರುಗೋಲುಗಳು. ಶಾಲೆಯಲ್ಲಿ ಪತ್ರಲೇಖನ ಕಲಿಸುವಾಗ ‘ಇಂದ’ ಎಂದು ಒಂದು ಸಾಲು, ಅದರ ಕೆಳಗೆ ಹೆಸರು ಬರೆಸುತ್ತಾರಲ್ಲ, ಅಲ್ಲಿ ಪ್ರತ್ಯಯವೇ ಹೆಸರಿನಿಂದ ಬಿಡಿಸಿಕೊಂಡು ಮೇಲೆ ಹೋಗಿ ಕೂತಿದೆ. ಸಾವಿರ ಹೆಸರಿಗೆ ಒಂದೇ ವಾಕ್ಯ ಬರೆಯಬೇಕಾಗಿದ್ದ ಶಾನುಭೋಗರು, ಗುಮಾಸ್ತರು, ಪತ್ರಬರಹಗಾರರು ಕಂಪ್ಯೂಟರಿಗೆ ಬಹಳ ಮೊದಲೇ ನಮೂನೆಗೆ ಒಗ್ಗುವ ಕನ್ನಡ ಕಟ್ಟಿಟ್ಟಿದ್ದರು.

ಇಂಗ್ಲಿಷಿನಿಂದ ತಿರುಗಿಸಿದ ನಮೂನೆಯಲ್ಲಿ ಈ ಜಾಣತನ ಇರುವುದಿಲ್ಲ. ಇಂಗ್ಲಿಷಿನಲ್ಲಿ ಸಂಬಂಧ ಹೇಳುವ ಪದಗಳು ಹೆಸರಿನ ಮುಂಚೆ ಬಿಡಿಯಾಗಿ ನಿಲ್ಲುತ್ತವೆ, ಹೆಸರು ಕದಲುವುದಿಲ್ಲ. ಅದನ್ನು ಪದಕ್ಕೆ ಪದ ಕನ್ನಡಕ್ಕೆ ತಂದರೆ ‘ರಾಮೇಗೌಡ ಗೆ’, ‘ಒಂಟಿಕೊಪ್ಪಲ್ ನಲ್ಲಿ’, ‘ಲಕ್ಷ್ಮಿ ನ ಖಾತೆ’ ಎಂಬ ಒಡಕು ಪದಗಳು ಹುಟ್ಟುತ್ತವೆ. ನಮ್ಮ ಮೊಬೈಲಿಗೆ ಬರುವ ಸಂದೇಶಗಳಲ್ಲಿ, ಬಿಲ್ಲುಗಳಲ್ಲಿ ಇವನ್ನು ನೋಡಿ ನೋಡಿ ಕಣ್ಣು ಒಗ್ಗಿಹೋಗಿದೆ. ಒಗ್ಗಬಾರದಿತ್ತು. ಹೆಸರಿನ ಮುಂದೆ ‘ಅವರ’ ಎಂದು ಮೂರು ಅಕ್ಷರ ಸೇರಿಸಿದ್ದರೆ ವಾಕ್ಯವೂ ಸರಿಹೋಗುತ್ತಿತ್ತು, ಮರ್ಯಾದೆಯೂ ಬರುತ್ತಿತ್ತು.

ಹೆಸರಿಗೆ ನೇರವಾಗಿ ಪ್ರತ್ಯಯ ಹಚ್ಚಲೇಬೇಕೆಂದರೆ ಪ್ರೋಗ್ರಾಂ ಬರೆದು ಹಚ್ಚಿಸಬಹುದೇ? ಭಾಗಶಃ ಆಗುತ್ತದೆ. ಇಕಾರ, ಎಕಾರಗಳಲ್ಲಿ ಮುಗಿಯುವ ಹೆಸರಿಗೆ ‘ಗೆ’ ಸೇರಿಸಿದರಾಯಿತು. ಅಕಾರದಲ್ಲಿ ಮುಗಿದರೆ ಮನುಷ್ಯರಿಗೆ ‘ನಿಗೆ’, ಊರಿಗೆ ‘ಕ್ಕೆ’. ಅದು ಮನುಷ್ಯನೋ ಊರೋ ಎಂಬುದನ್ನು ದಾಖಲೆ ಹೇಳಬೇಕು. ಉಕಾರ ಇನ್ನೂ ಕಷ್ಟ: ಹುಣಸೂರು ‘ಹುಣಸೂರಿಗೆ’ ಆಗುತ್ತದೆ, ಮಧು ‘ಮಧುವಿಗೆ’ ಆಗುತ್ತದೆ. ಒಂದರಲ್ಲಿ ಉಕಾರ ಬಿದ್ದುಹೋಗುತ್ತದೆ, ಇನ್ನೊಂದರಲ್ಲಿ ವಕಾರ ಬಂದು ಸೇರುತ್ತದೆ. ಕಿರಣ್, ಅಶ್ವಿನ್ ತರಹದ ವ್ಯಂಜನಾಂತ ಹೆಸರುಗಳಿಗೆ ಮನೆಮನೆಗೂ ಬೇರೆ ರೂಢಿ. ನನ್ನ ಅಭಿಪ್ರಾಯದಲ್ಲಿ ಊರುಗಳ ಪಟ್ಟಿಗೆ ಒಂದು ಹೆಚ್ಚಿನ ಅಂಕಣ ಇಟ್ಟು ‘ಗೆ’ ರೂಪವನ್ನೂ ‘ಅಲ್ಲಿ’ ರೂಪವನ್ನೂ ಕೈಯಾರೆ ಬರೆದಿಡುವುದು ಒಳ್ಳೆಯದು. ಜಿಲ್ಲೆಗೆ ಇರುವುದು ಬೆರಳೆಣಿಕೆಯ ತಾಲ್ಲೂಕುಗಳು. ಮನುಷ್ಯರ ಹೆಸರಿಗೆ ‘ಅವರು’ ಸೇರಿಸುವುದೇ ಕ್ಷೇಮ.

‘ಅವರು’ ಇನ್ನೊಂದು ತೊಡಕನ್ನೂ ಬಿಡಿಸುತ್ತದೆ. ಕನ್ನಡದ ಕ್ರಿಯಾಪದದಲ್ಲಿ ಲಿಂಗವಿದೆ: ಓದಿದ್ದಾನೆ, ಓದಿದ್ದಾಳೆ. ಗೌರವದ ಬಹುವಚನದಲ್ಲಿ ಆ ಭೇದವಿಲ್ಲ: ಓದಿದ್ದಾರೆ. ವ್ಯಾಸಂಗ ಪ್ರಮಾಣಪತ್ರದಲ್ಲಿ ‘ಇವನು/ಇವಳು’ ಎಂದು ಅಚ್ಚು ಹಾಕಿ ‘ಅನ್ವಯಿಸದ್ದನ್ನು ಹೊಡೆದುಹಾಕಿ’ ಎಂದು ಕೆಳಗೆ ಬರೆಯುವುದು ಕೈಬರಹದ ಕಾಲದ ಅನಿವಾರ್ಯ. ವಿದ್ಯಾರ್ಥಿ ಹುಡುಗನೋ ಹುಡುಗಿಯೋ ಎಂಬುದು ದಾಖಲೆಯಲ್ಲಿ ಇದ್ದೇ ಇರುವಾಗ ಕಂಪ್ಯೂಟರಿನಿಂದ ಬರುವ ಕಾಗದದಲ್ಲಿ ಓರೆಗೆರೆ ಯಾಕಿರಬೇಕು? ವರ್ಡ್‌ನಲ್ಲಿ ‘ಇಫ್’ ಎಂಬ ಫೀಲ್ಡ್ ಇದೆ. ಲಿಂಗದ ಅಂಕಣ ನೋಡಿ ‘ಮಗ’ ಅಥವಾ ‘ಮಗಳು’, ‘ಕುಮಾರ’ ಅಥವಾ ‘ಕುಮಾರಿ’ ತಾನೇ ಆರಿಸಿಕೊಳ್ಳುತ್ತದೆ. ಲಿಬ್ರೆ ಆಫೀಸಿನಲ್ಲೂ ಷರತ್ತಿನ ಪಠ್ಯ ಎಂಬ ಸೌಲಭ್ಯ ಇದೇ ಕೆಲಸ ಮಾಡುತ್ತದೆ. ಹತ್ತು ವರ್ಷದ ಮಗುವಿಗೂ ‘ಇವರು’ ಎನ್ನಬೇಕೆ ಎಂದು ಕೇಳುವ ಮುಖ್ಯೋಪಾಧ್ಯಾಯರಿದ್ದಾರೆ. ಪ್ರಮಾಣಪತ್ರದಲ್ಲಿ ಮಗುವಿಗೆ ಮರ್ಯಾದೆ ಕೊಟ್ಟರೆ ನಷ್ಟವೇನೂ ಇಲ್ಲ.

ಮೊತ್ತವನ್ನು ಅಕ್ಷರಗಳಲ್ಲಿ ಬರೆಯುವುದರಲ್ಲೂ ಕನ್ನಡದ ಒಂದು ಸೂಕ್ಷ್ಮವಿದೆ. 1,25,510 ಎಂಬುದು ‘ಒಂದು ಲಕ್ಷದ ಇಪ್ಪತ್ತೈದು ಸಾವಿರದ ಐನೂರ ಹತ್ತು’. ಮುಂದೆ ಅಂಕಿ ಇದ್ದರೆ ಲಕ್ಷದ, ಸಾವಿರದ, ಐನೂರ. ಇಲ್ಲದಿದ್ದರೆ ಲಕ್ಷ, ಸಾವಿರ, ಐನೂರು. ವರ್ಡ್ ತಾನಾಗಿ ಇದನ್ನು ಮಾಡುವುದಿಲ್ಲ. ಎಕ್ಸೆಲ್‌ನಲ್ಲಿ ಅಥವಾ ಡೇಟಾಬೇಸಿನಲ್ಲಿ ಮೊದಲೇ ತಯಾರಿಸಿ ಸಿದ್ಧ ಪದವಾಗಿ ನಮೂನೆಗೆ ತರಬೇಕು. ರಶೀದಿ ಪುಸ್ತಕ ಬಿಟ್ಟು ಕಂಪ್ಯೂಟರಿಗೆ ಬರುವ ಸಂಘ ಸಂಸ್ಥೆಗಳು ಮೊದಲು ಮಾಡಿಸಿಕೊಳ್ಳಬೇಕಾದ ಕೆಲಸ ಇದು.

ಇನ್ನು ಪಟ್ಟಿಯ ಮಾತು. ಒಂಟಿಕೊಪ್ಪಲಿನ ವಿಳಾಸವೇ ಒಳ್ಳೆಯ ಉದಾಹರಣೆ. ಇದೇ ಜಾಗವನ್ನು ಜನ ಒಂಟಿಕೊಪ್ಪಲು, ವೊಂಟಿಕೊಪ್ಪಲ್, ವಾಣಿವಿಲಾಸ ಮೊಹಲ್ಲಾ, ವಿ.ವಿ. ಮೊಹಲ್ಲಾ ಎಂದೆಲ್ಲ ಬರೆಯುತ್ತಾರೆ. ಪೋಸ್ಟಿನವರಿಗೆ ಎಲ್ಲವೂ ಒಂದೇ, ಯಂತ್ರಕ್ಕೆ ಪ್ರತಿಯೊಂದೂ ಬೇರೆ. ಅಂಚೆ ಇಲಾಖೆ 1972ರ ಆಗಸ್ಟ್ 15ರಂದು ಪಿನ್ ಕೋಡ್ ತಂದದ್ದು ಇಂಥ ಗೊಂದಲ ತಪ್ಪಿಸಲೆಂದೇ. ಬಡಾವಣೆಯ ಹೆಸರನ್ನು ಪ್ರತಿ ಸಾಲಿನಲ್ಲೂ ಟೈಪು ಮಾಡುವ ಬದಲು ಬೇರೆ ಕೋಷ್ಟಕದಲ್ಲಿ ಒಂದೇ ಸಲ ಬರೆದು, ಅಲ್ಲಿಂದ ಆರಿಸಿಕೊಳ್ಳುವಂತೆ ಮಾಡಬೇಕು. 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲಿ ನಮ್ಮ ಮೈಸೂರಿನ ಹೆಸರು ಬದಲಾದಾಗ, ಊರಿನ ಹೆಸರನ್ನು ಒಂದು ಕಡೆ ಮಾತ್ರ ಇಟ್ಟುಕೊಂಡಿದ್ದವರಿಗೆ ಒಂದು ಕ್ಷಣದ ಕೆಲಸ. ನಮೂನೆಗಳ ಒಳಗೆಲ್ಲ ಬರೆದಿಟ್ಟಿದ್ದವರು ಒಂದೊಂದನ್ನೇ ತೆರೆದು ತಿದ್ದಬೇಕಾಯಿತು.

ಕಣ್ಣಿಗೆ ಕಾಣದ ತಪ್ಪುಗಳು ಇನ್ನೂ ಕೆಟ್ಟವು. ಅನುಸ್ವಾರದ ಸೊನ್ನೆಗೂ ಕನ್ನಡ ಅಂಕಿಯ ಸೊನ್ನೆಗೂ ನೋಟದಲ್ಲಿ ಭೇದವೇ ಇಲ್ಲ. ಟೈಪು ಮಾಡುವವರು ಒಂದರ ಬದಲು ಇನ್ನೊಂದು ಒತ್ತಿದರೆ ಅಚ್ಚಾದ ಕಾಗದದಲ್ಲಿ ಗೊತ್ತಾಗುವುದಿಲ್ಲ, ಹುಡುಕಿದರೆ ಮಾತ್ರ ಹೆಸರು ಸಿಗುವುದಿಲ್ಲ. ‘ಕೊ’ ಎಂಬ ಅಕ್ಷರವನ್ನು ಯೂನಿಕೋಡಿನಲ್ಲಿ ಒಂದೇ ಒಕಾರ ಚಿಹ್ನೆಯಿಂದಲೂ ಬರೆಯಬಹುದು, ಎಕಾರ ಮತ್ತು ಊಕಾರದ ಎರಡು ಚಿಹ್ನೆ ಕೂಡಿಸಿಯೂ ಬರೆಯಬಹುದು. ‘ರಾಜ್‌ಕುಮಾರ್’ ಎಂಬ ಹೆಸರಿನಲ್ಲಿ ಜಕಾರಕ್ಕೆ ಕಕಾರ ಒತ್ತಾಗದಂತೆ ತಡೆಯುವ ಕಾಣದ ಗುರುತು ಕೆಲವರ ಟೈಪಿಂಗಿನಲ್ಲಿ ಇರುತ್ತದೆ, ಕೆಲವರದರಲ್ಲಿ ಇರುವುದಿಲ್ಲ. ಎರಡು ಪಟ್ಟಿ ಜೋಡಿಸುವಾಗ ಅರ್ಧ ಹೆಸರುಗಳು ತಾಳೆಯಾಗುವುದಿಲ್ಲ ಎಂದು ತಲೆ ಕೆಡಿಸಿಕೊಳ್ಳುವವರು ಮೊದಲು ನೋಡಬೇಕಾದದ್ದು ಈ ಮೂರನ್ನು. ಯೂನಿಕೋಡ್ ಸಂಖ್ಯೆಯ ಕ್ರಮದಲ್ಲಿ ಳಕಾರ ಲಕಾರದ ಪಕ್ಕದಲ್ಲಿದೆ, ಅನುಸ್ವಾರ ಸ್ವರಗಳಿಗೂ ಮೊದಲಿದೆ. ವರ್ಣಮಾಲೆಯ ಕ್ರಮ ಬೇಕೆಂದರೆ ಡೇಟಾಬೇಸಿಗೆ ಕನ್ನಡದ ವಿಂಗಡಣೆ ನಿಯಮವನ್ನು ಹೇಳಿಕೊಡಬೇಕು.

ಹೆಸರನ್ನು ಇಂಗ್ಲಿಷಿನಲ್ಲಿ ಸಂಗ್ರಹಿಸಿ ಯಂತ್ರದಿಂದ ಕನ್ನಡ ಮಾಡಿಸುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಲತಾ ‘ಲಥಾ’ ಆಗುತ್ತಾಳೆ, ಗೀತಾ ‘ಗೀಥಾ’ ಆಗುತ್ತಾಳೆ, ಕಾಳಮ್ಮ ‘ಕಲಮ್ಮ’ ಆಗುತ್ತಾಳೆ. ಇಂಗ್ಲಿಷ್ ಕಾಗುಣಿತದಲ್ಲಿ ಹ್ರಸ್ವ ದೀರ್ಘವಿಲ್ಲ, ಲಕಾರ ಳಕಾರದ ಭೇದವಿಲ್ಲ, ತಕಾರ ಟಕಾರದ ಖಾತ್ರಿಯಿಲ್ಲ. ಕಳೆದುಹೋದ ಮಾಹಿತಿಯನ್ನು ಯಂತ್ರ ಎಲ್ಲಿಂದ ತಂದೀತು? ಒಬ್ಬರ ಹೆಸರು ತಪ್ಪಾಗಿ ಅಚ್ಚಾದ ಪ್ರಮಾಣಪತ್ರ ಬ್ಯಾಂಕಿನಲ್ಲಿ, ಕಾಲೇಜಿನಲ್ಲಿ, ಪಿಂಚಣಿ ಕಚೇರಿಯಲ್ಲಿ ಅವರನ್ನು ಅಲೆದಾಡಿಸುತ್ತದೆ. ಕನ್ನಡದ ಹೆಸರನ್ನು ಕನ್ನಡದಲ್ಲೇ, ಆ ಮನುಷ್ಯ ಎದುರಿಗಿರುವಾಗಲೇ ಬರೆದುಕೊಳ್ಳಬೇಕು. ಇಂಗ್ಲಿಷ್ ರೂಪಕ್ಕೆ ಬೇರೆ ಅಂಕಣ ಇರಲಿ.

ಉಪಕರಣಗಳ ವಿಷಯಕ್ಕೆ ಬಂದರೆ, ಇಂದು ಮುಖ್ಯವಾಗಿ ಎರಡು ದಾರಿಗಳಿವೆ. ಮೊದಲನೆಯದು ವರ್ಡ್ ಅಥವಾ ಲಿಬ್ರೆ ಆಫೀಸಿನ ಸ್ವಂತ ಮೇಲ್ ಮರ್ಜ್. ಒಬ್ಬ ಗುಮಾಸ್ತರು, ಒಂದು ಪಟ್ಟಿ, ವರ್ಷಕ್ಕೆ ನಾಲ್ಕಾರು ಸಲದ ಕೆಲಸವಾದರೆ ಇದೇ ಸಾಕು. ಎಕ್ಸೆಲ್‌ನಲ್ಲಿ ಮೊದಲ ಸಾಲು ಅಂಕಣಗಳ ಹೆಸರಾಗಿರಬೇಕು, ನಡುವೆ ಖಾಲಿ ಸಾಲು ಇರಬಾರದು. ದಿನಾಂಕ ತಿಂಗಳು ಮೊದಲಾಗಿ ತಿರುಗಿ ಬಂದರೆ ಫೀಲ್ಡಿಗೆ ದಿನಾಂಕದ ಮಾದರಿ ಕೊಡಬೇಕು. ಅದರಲ್ಲಿ ತಿಂಗಳಿಗೆ ದೊಡ್ಡ ‘ಎಂ’ ಬಳಸಬೇಕು, ಸಣ್ಣ ‘ಎಂ’ ಎಂದರೆ ವರ್ಡ್ ನಿಮಿಷ ಎಂದು ತಿಳಿಯುತ್ತದೆ. ಕನ್ನಡ ಪಟ್ಟಿಯನ್ನು ಸಿಎಸ್‌ವಿ ಆಗಿ ಉಳಿಸುವಾಗ ಯುಟಿಎಫ್-8 ಎಂದಿರುವುದನ್ನೇ ಆರಿಸಬೇಕು, ಸಾಮಾನ್ಯ ಸಿಎಸ್‌ವಿ ಆರಿಸಿದರೆ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಬಹುದು. ವರ್ಡ್ ಕನ್ನಡವನ್ನು ಸಂಕೀರ್ಣ ಲಿಪಿ ಎಂದು ಎಣಿಸಿ ಅದಕ್ಕೆ ಬೇರೆಯೇ ಫಾಂಟು, ಬೇರೆಯೇ ಗಾತ್ರ ಇಟ್ಟುಕೊಳ್ಳುತ್ತದೆ. ಕೂಡಿಸಿದ ಹೆಸರು ಮಾತ್ರ ಚಿಕ್ಕದಾಗಿ ಅಥವಾ ಬೇರೆ ಫಾಂಟಿನಲ್ಲಿ ಬಂತು ಎಂಬ ದೂರಿಗೆ ಸಾಮಾನ್ಯವಾಗಿ ಇದೇ ಕಾರಣ. ಸ್ಟೈಲ್‌ನಲ್ಲೇ ಎರಡೂ ಬಗೆಯ ಲಿಪಿಗೆ ಫಾಂಟ್ ಮತ್ತು ಗಾತ್ರ ನಿಗದಿ ಮಾಡಿದರೆ ಸರಿಹೋಗುತ್ತದೆ.

ಈ ದಾರಿಯ ಮಿತಿ, ಒಂದು ಸಾಲಿಗೆ ಒಂದು ಪತ್ರ ಎಂಬುದು. ಆರು ವಿಷಯಗಳ ಅಂಕಪಟ್ಟಿ, ಮೂರು ತಿಂಗಳ ಬಾಕಿ, ಒಂದೇ ಮನೆಯ ನಾಲ್ವರು ಸದಸ್ಯರು ಇಲ್ಲಿ ಸುಲಭವಾಗಿ ಕೂರುವುದಿಲ್ಲ. ಮದುವೆ ಪತ್ರಿಕೆಗೆ ಪಟ್ಟಿ ಮಾಡುವಾಗ ವ್ಯಕ್ತಿಯ ಬದಲು ಮನೆಯನ್ನು ಒಂದು ಸಾಲಾಗಿಸಿ, ‘ಮತ್ತು ಕುಟುಂಬದವರು’ ಎಂಬುದನ್ನು ನಮೂನೆಯಲ್ಲಿಟ್ಟರೆ ಕೆಲಸ ಸಾಗುತ್ತದೆ. ಅಂಕಪಟ್ಟಿಗೆ ಎರಡನೆಯ ದಾರಿ ಬೇಕು. ವರ್ಡ್ ಕಡತದಲ್ಲಿ ಗುರುತುಗಳನ್ನಿಟ್ಟು, ಪೈಥಾನ್ ಅಥವಾ ಜಾವಾಸ್ಕ್ರಿಪ್ಟ್ ಪ್ರೋಗ್ರಾಂ ಡೇಟಾಬೇಸಿನಿಂದ ತಂದು ತುಂಬಿಸುವ ದಾರಿ ಅದು. ವರ್ಡ್‌ನ ಡಾಕ್ಸ್ ಕಡತ ಎಂದರೆ ಒಳಗೆ ಎಕ್ಸ್‌ಎಂಎಲ್ ಇರುವ ಜಿಪ್ ಕಟ್ಟು. ಅದರ ರಚನೆ 2008ರಿಂದ ಐಎಸ್‌ಒ ಮಾನಕ. ಲಿಬ್ರೆ ಆಫೀಸಿನ ರಚನೆಗೆ 2006ರಲ್ಲೇ ಆ ಮನ್ನಣೆ ಸಿಕ್ಕಿತ್ತು. ಸಾಲುಗಳನ್ನು ಬೇಕಾದಷ್ಟು ಸಲ ಪುನರಾವರ್ತಿಸುವ ಸೌಲಭ್ಯ ಈ ದಾರಿಯಲ್ಲಿದೆ. ಒಂದು ಎಚ್ಚರಿಕೆ ಬೇಕು: ನಮೂನೆಯಲ್ಲಿ ಗುರುತನ್ನು ಒಮ್ಮೆ ಬರೆದು ಮಧ್ಯೆ ತಿದ್ದಿದರೆ ವರ್ಡ್ ಅದನ್ನು ಒಳಗೊಳಗೇ ತುಂಡು ಮಾಡಿಡುತ್ತದೆ, ಪ್ರೋಗ್ರಾಂಗೆ ಅದು ಸಿಗುವುದಿಲ್ಲ. ಗುರುತನ್ನು ಪೂರ್ತಿ ಅಳಿಸಿ ಒಂದೇ ಉಸಿರಿಗೆ ಮತ್ತೆ ಟೈಪು ಮಾಡಬೇಕು.

ಪಿಡಿಎಫ್ ಮಾಡುವಾಗ ಕನ್ನಡಕ್ಕೆ ಕೊನೆಯ ಪರೀಕ್ಷೆ. ಡೇಟಾಬೇಸಿನಿಂದ ನೇರವಾಗಿ ಪಿಡಿಎಫ್ ಬರೆಯುವ ಅಗ್ಗದ ಲೈಬ್ರರಿಗಳಲ್ಲಿ ಹಲವಕ್ಕೆ ಒತ್ತಕ್ಷರ ಜೋಡಿಸಲು ಬರುವುದಿಲ್ಲ. ‘ಪುಟ್ಟಮ್ಮ’ನ ಒತ್ತುಗಳು ಬಿಡಿಬಿಡಿಯಾಗಿ ಅರ್ಧಾಕ್ಷರಗಳಾಗಿ ಸಾಲಾಗಿ ಬೀಳುತ್ತವೆ. ಕನ್ನಡದ ಕಾಗದವನ್ನು ವರ್ಡ್ ಅಥವಾ ಲಿಬ್ರೆ ಆಫೀಸಿನಿಂದಲೇ ಪಿಡಿಎಫ್ ಮಾಡಿಸುವುದು ನಾನು ಕೊಡುವ ಸಲಹೆ. ಅಕ್ಷರ ಜೋಡಣೆಯ ಯಂತ್ರ ಇವೆರಡರಲ್ಲೂ ಪಳಗಿದೆ. ಲಿಬ್ರೆ ಆಫೀಸನ್ನು ಪರದೆಯಿಲ್ಲದೆ ಹಿನ್ನೆಲೆಯಲ್ಲಿ ಓಡಿಸಿ ನೂರಾರು ಪತ್ರಗಳನ್ನು ಒಟ್ಟಿಗೆ ಪಿಡಿಎಫ್ ಮಾಡಬಹುದು, ಅದಕ್ಕೆ ಖರ್ಚೂ ಇಲ್ಲ.

ಗೋಪ್ಯತೆಯ ಮಾತನ್ನು ಬಿಡುವಂತಿಲ್ಲ. ಮೇಲ್ ಮರ್ಜ್ ಮಾಡಿದ ವರ್ಡ್ ಕಡತ ತನ್ನ ಪಟ್ಟಿ ಎಲ್ಲಿದೆ ಎಂಬುದನ್ನು ನೆನಪಿಟ್ಟುಕೊಂಡಿರುತ್ತದೆ. ತೆರೆದಾಗ ಡೇಟಾಬೇಸಿನಿಂದ ಮಾಹಿತಿ ತರಲೇ ಎಂದು ಕೇಳುವುದು ಅದಕ್ಕೇ. ನಮೂನೆಯ ಜೊತೆ ಇಡೀ ಶೀಟನ್ನು ವಾಟ್ಸಾಪಿನಲ್ಲಿ ಡಿಟಿಪಿ ಅಂಗಡಿಗೆ ಕಳಿಸುವ ರೂಢಿ ನಮ್ಮಲ್ಲಿದೆ. ಅದರಲ್ಲಿ ಆಧಾರ್ ಸಂಖ್ಯೆ, ಮೊಬೈಲ್, ಜಾತಿ, ಆದಾಯ ಎಲ್ಲ ಇರುತ್ತವೆ, ಪತ್ರಕ್ಕೆ ಬೇಕಾದದ್ದು ಹೆಸರು ಮತ್ತು ವಿಳಾಸ ಮಾತ್ರ. ವೈಯಕ್ತಿಕ ಮಾಹಿತಿ ರಕ್ಷಣೆಗೆ 2023ರಲ್ಲಿ ಸಂಸತ್ತು ಕಾಯ್ದೆ ಮಾಡಿದೆ. ಕಾಯ್ದೆಯ ಮಾತು ಹಾಗಿರಲಿ, ನೆರೆಹೊರೆಯವರ ವಿವರವನ್ನು ಬೇಕಾದ್ದಕ್ಕಿಂತ ಹೆಚ್ಚು ಕೈಗೆ ದಾಟಿಸದಿರುವುದು ಸಾಮಾನ್ಯ ಮರ್ಯಾದೆ. ಪತ್ರಕ್ಕೆ ಬೇಕಾದ ಅಂಕಣಗಳನ್ನು ಮಾತ್ರ ಬೇರೆ ಶೀಟಿಗೆ ತೆಗೆದು ಕೊಡಬೇಕು.

ಎಲ್ಲವನ್ನೂ ನೋಡಿದ ಮೇಲೆ ನನ್ನ ತೀರ್ಮಾನ ಇದು: ಕನ್ನಡದಲ್ಲಿ ಮೇಲ್ ಮರ್ಜ್‌ಗೆ ತಂತ್ರದ ಕೊರತೆ ಈಗ ಉಳಿದಿಲ್ಲ. ಕೊರತೆ ಇರುವುದು ನಮೂನೆ ಬರೆಯುವ ಜಾಗದಲ್ಲಿ ಕನ್ನಡ ಬಲ್ಲವರದು. ತಂತ್ರಾಂಶ ಮಾಡುವವರು ವಾಕ್ಯವನ್ನು ಕೊನೆಗೆ ಅನುವಾದಕ್ಕೆ ಕೊಡುವ ಬದಲು, ಅಂಕಣಗಳನ್ನು ನಿಶ್ಚಯಿಸುವ ದಿನವೇ ಕನ್ನಡದ ಮೇಷ್ಟ್ರೊಬ್ಬರನ್ನು, ಅನುಭವವಿರುವ ಗುಮಾಸ್ತರೊಬ್ಬರನ್ನು ಜೊತೆಗೆ ಕೂರಿಸಿಕೊಳ್ಳಲಿ. ಶಾಲೆ, ಸಂಘ, ದೇವಸ್ಥಾನಗಳನ್ನು ನಡೆಸುವವರಲ್ಲಿ ನನ್ನ ವಿನಂತಿ ಇಷ್ಟೇ: ಈ ವರ್ಷ ನೀವು ಕೊಡುವ ಪ್ರಮಾಣಪತ್ರಗಳಲ್ಲಿ ಒಂದನ್ನು ತೆಗೆದುಕೊಳ್ಳಿ. ಓರೆಗೆರೆ ತೆಗೆಯಿರಿ, ಹೆಸರಿನ ಮುಂದೆ ‘ಅವರು’ ಸೇರಿಸಿ, ಪಟ್ಟಿಯನ್ನು ಯೂನಿಕೋಡಿಗೆ ತನ್ನಿ, ಅಚ್ಚು ಹಾಕುವ ಮೊದಲು ಆಯಾ ಮನೆಯವರಿಗೆ ಅವರ ಹೆಸರಿನ ಕಾಗುಣಿತ ತೋರಿಸಿ ಒಪ್ಪಿಗೆ ಪಡೆಯಿರಿ.